ಒಬ್ಬರೇ ಊರಿಗೆ ಹೊರಟಾಗ: ತಲುಪುವ ಹೊತ್ತನ್ನು ಮೊದಲು ಗೊತ್ತುಮಾಡಿ

ಒಬ್ಬರೇ ಎಲ್ಲಿಗಾದರೂ ಹೊರಟಿದ್ದೇವೆ ಎಂದರೆ ಎಲ್ಲರ ಬಾಯಲ್ಲೂ ಬರುವ ಮಾತು "ಹುಷಾರು". ಹುಷಾರು ಎಂದರೆ ಏನೇನು ಮಾಡಬೇಕು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಇಲ್ಲಿ ಅದನ್ನು ಒಂದೊಂದು ಕೆಲಸವಾಗಿ ಬಿಡಿಸಿದ್ದೇನೆ. ಹಿಡಿತಕ್ಕೆ ಒಂದು ಉದಾಹರಣೆ ಇರಲಿ: ಬೆಂಗಳೂರಿನಿಂದ ರಾತ್ರಿ ಹೊರಟು, ಹೊಸಪೇಟೆಯಲ್ಲಿ ಇಳಿದು, ಹಂಪಿಯಲ್ಲಿ ಎರಡು ದಿನ ಇದ್ದು ಬರುವುದು. ಗೋಕರ್ಣವಾದರೂ ಸುಬ್ರಹ್ಮಣ್ಯವಾದರೂ ಲೆಕ್ಕ ಹೆಚ್ಚುಕಡಿಮೆ ಇದೇ. ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದರೂ ಮುಕ್ಕಾಲು ಪಾಲು ಗಂಡಸರಿಗೂ ಸಲ್ಲುತ್ತದೆ. ಅಪರಾತ್ರಿ ಬೈಪಾಸ್‌ನಲ್ಲಿ ಬ್ಯಾಗ್ ಹಿಡಿದು ನಿಂತವರನ್ನು ದೋಚುವವನು ಹೆಣ್ಣೋ ಗಂಡೋ ಎಂದು ನೋಡುತ್ತಾ ಕೂರುವುದಿಲ್ಲ.

ಮೊದಲು ತಲುಪುವ ಹೊತ್ತು, ಆಮೇಲೆ ಟಿಕೆಟ್

ಟಿಕೆಟ್ ಹುಡುಕುವಾಗ ನಾವೆಲ್ಲ ನೋಡುವುದು ಹೊರಡುವ ಸಮಯ. ಆಫೀಸು ಮುಗಿಸಿ, ಊಟ ಮಾಡಿ, 9 ಗಂಟೆ ಬಸ್ಸು ಹತ್ತಿದರೆ ಆಯಿತು ಎಂಬ ಲೆಕ್ಕ. ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿಲೋಮೀಟರ್, ಬಸ್ಸಿಗೆ ಏಳು ಗಂಟೆಯ ಹಾದಿ. 9ಕ್ಕೆ ಹತ್ತಿದವರು ನಸುಕಿನ 4ಕ್ಕೆ ಇಳಿಯುತ್ತಾರೆ. ಹಂಪಿ ಅಲ್ಲಿಂದ ಇನ್ನೂ 13 ಕಿಲೋಮೀಟರ್. ಆ ಹೊತ್ತಿಗೆ ಸಿಟಿ ಬಸ್ಸಿಲ್ಲ, ಲಾಡ್ಜಿನ ಬಾಗಿಲು ತೆರೆದಿಲ್ಲ. ಇರುವುದು ಆಟೊ ಒಂದೇ.

ಒಂಟಿ ಪ್ರಯಾಣದಲ್ಲಿ ಜನ ಹೆದರುವುದು ಬಸ್ಸು ರೈಲಿನ ರಾತ್ರಿಗೆ. ನನ್ನ ಪ್ರಕಾರ ಹೆಚ್ಚು ಎಚ್ಚರ ಬೇಕಾದದ್ದು ಇಳಿದ ಮೇಲಿನ ಆ ಕೊನೆಯ ಕೆಲವು ಕಿಲೋಮೀಟರ್‌ಗೆ. ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಾನೆ, ಮೂವತ್ತು ನಲವತ್ತು ಜನ ಇರುತ್ತಾರೆ. ಬಸ್ ಸ್ಟ್ಯಾಂಡಿನಿಂದ ರೂಮಿನವರೆಗೆ ನೀವೊಬ್ಬರೇ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಬೆಳಗ್ಗೆ 6ರಿಂದ 7ರೊಳಗೆ ಇಳಿಯಬೇಕು ಎಂದು ಮೊದಲು ಗೊತ್ತುಮಾಡಿ, ಅದಕ್ಕೆ ಹೊಂದುವ ಬಸ್ಸು ಹುಡುಕಿ. ರಾತ್ರಿ 11ರದು ಸಿಗುತ್ತದೆ. ರೈಲಾದರೆ ಮೈಸೂರಿನಿಂದ ಬೆಂಗಳೂರಿನ ಮೇಲೆ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಇದೆ, ಹೊಸಪೇಟೆ ಮುಟ್ಟುವ ಹೊತ್ತಿಗೆ ಬೆಳಕಾಗಿರುತ್ತದೆ.

ಇನ್ನೊಂದು ಅನುಕೂಲವನ್ನೂ ಗಮನಿಸಿ. ಬೆಳಗ್ಗೆ 6ಕ್ಕೆ ಮುಟ್ಟಬೇಕಾದ ಗಾಡಿ ಎರಡು ಗಂಟೆ ತಡವಾದರೆ ನಿಮಗೆ ಇನ್ನಷ್ಟು ಬೆಳಕು. ಸಂಜೆ 7ಕ್ಕೆ ಮುಟ್ಟಬೇಕಾದದ್ದು ಎರಡು ಗಂಟೆ ತಡವಾದರೆ ಕತ್ತಲು, ಮುಚ್ಚಿದ ಅಂಗಡಿಗಳು, ತಪ್ಪಿದ ಕೊನೆ ಬಸ್ಸು. ನಮ್ಮ ಗಾಡಿಗಳು ತಡವಾಗುವುದು ಹೊಸ ವಿಷಯವೇನಲ್ಲ. ಹೊಸ ಊರಿಗೆ ಹಗಲಿನಲ್ಲಿ ಹೊರಟರೆ ಮಧ್ಯಾಹ್ನ ಮೂರು ನಾಲ್ಕರೊಳಗೆ ಮುಟ್ಟುವಂತೆ ನೋಡಿಕೊಳ್ಳಿ. ಕೊನೆ ಬಸ್ಸನ್ನು ನಂಬಿ ಯಾವ ಯೋಜನೆಯನ್ನೂ ಹಾಕಬೇಡಿ. ಅದರ ಹಿಂದಿನ ಬಸ್ಸೇ ನಿಮ್ಮ ಕೊನೆ ಬಸ್ಸು.

ಸ್ವಂತ ಬೈಕೋ ಕಾರೋ ಓಡಿಸಿಕೊಂಡು ಹೋಗುವವರಿಗೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಊಟಿಗೋ ವಯನಾಡಿಗೋ ಹೊರಟು 9.10ಕ್ಕೆ ಚೆಕ್‌ಪೋಸ್ಟ್ ಮುಟ್ಟಿದರೆ ಗುಂಡ್ಲುಪೇಟೆಗೆ ವಾಪಸು ಬಂದು ರಾತ್ರಿಯಲ್ಲಿ ರೂಮು ಹುಡುಕಬೇಕು.

ವಾಪಸು ಬರುವಾಗಲೂ ಇದೇ ಲೆಕ್ಕ. ಬೆಂಗಳೂರು ನಮ್ಮದೇ ಊರು ಎಂಬ ಧೈರ್ಯದಲ್ಲಿ ಮೆಜೆಸ್ಟಿಕ್‌ನಲ್ಲಿ ನಸುಕಿನ 4ಕ್ಕೆ ಇಳಿದವರನ್ನು "ಎಲ್ಲಿಗೆ ಮೇಡಂ, ಬನ್ನಿ ಮೇಡಂ" ಎಂದು ನಾಲ್ಕು ಜನ ಮುತ್ತಿಕೊಳ್ಳುತ್ತಾರೆ. ಅವಸರ ಬೇಡ. ಬಸ್ ನಿಲ್ದಾಣದ ಒಳಗೇ ವಿಚಾರಣೆ ಕೌಂಟರಿನ ಹತ್ತಿರ, ಸಂಸಾರಸ್ಥರು ಗಂಟುಮೂಟೆ ಇಟ್ಟುಕೊಂಡು ಕೂತಿರುವ ಕಡೆ ಕೂತು, ಒಂದು ಕಾಫಿ ಕುಡಿಯಿರಿ. ವಾರದ ದಿನಗಳಲ್ಲಿ 5ರ ಹೊತ್ತಿಗೆ ಮೆಟ್ರೊ ಓಡತೊಡಗುತ್ತದೆ. ಭಾನುವಾರ ಅದು ತಡ, ಮೊದಲೇ ನೋಡಿಕೊಂಡಿರಿ.

ಮನೆಯಲ್ಲಿ ಒಬ್ಬರಿಗೆ ಕೆಲಸ ಕೊಡಿ

"ತಲುಪಿದ ಮೇಲೆ ಫೋನ್ ಮಾಡು" ಎಂಬ ಮಾತಿನಿಂದ ಉಪಯೋಗ ಕಮ್ಮಿ. ಫೋನ್ ಬರದಿದ್ದರೆ ಅವರು ಏನು ಮಾಡಬೇಕು? ಅಮ್ಮ ಗಾಬರಿಯಾಗುತ್ತಾರೆ, ಅಪ್ಪ "ನೆಟ್‌ವರ್ಕ್ ಇರಲ್ಲ ಬಿಡು" ಎನ್ನುತ್ತಾರೆ, ಗಂಟೆಗಳು ಕಳೆದುಹೋಗುತ್ತವೆ. ಒಬ್ಬರನ್ನು ಆರಿಸಿ. ಅಕ್ಕನೋ ಗೆಳತಿಯೋ, ಗಾಬರಿಯಾದಾಗಲೂ ಕೈಕಾಲು ಆಡುವಂಥವರು. ಹೊರಡುವ ಮುಂಚೆ ಅವರಿಗೆ ಇಂಥದೊಂದು ಮೆಸೇಜ್ ಹೋಗಲಿ:

"ಅಕ್ಕಾ, ಸರ್ಕಾರಿ ಬಸ್ಸು, ಹೊಸಪೇಟೆಗೆ, ರಾತ್ರಿ 11ಕ್ಕೆ ಮೆಜೆಸ್ಟಿಕ್‌ನಲ್ಲಿ ಹತ್ತುತ್ತೀನಿ, ಸೀಟು 7. ಬೆಳಿಗ್ಗೆ 6ರಿಂದ 7ರೊಳಗೆ ಇಳಿಯೋದು. 8ಕ್ಕೆ ನನ್ನ ಮೆಸೇಜ್ ಇಲ್ಲ ಅಂದ್ರೆ ಫೋನ್ ಮಾಡು. 9ಕ್ಕೂ ಸಿಗಲಿಲ್ಲ ಅಂದ್ರೆ ರೂಮಿನವರಿಗೆ ಮಾಡು, ನಂಬರ್ ಕೆಳಗಿದೆ. 10ಕ್ಕೂ ಪತ್ತೆ ಇಲ್ಲ ಅಂದ್ರೆ 112. ಅಮ್ಮಂಗೆ ಅಲ್ಲಿವರೆಗೂ ಏನೂ ಹೇಳ್ಬೇಡ."

ಕೊನೆಯ ಸಾಲು ತಮಾಷೆಗೆ ಬರೆದದ್ದಲ್ಲ. ಗಂಟೆಗೊಂದು ಸಲ "ಎಲ್ಲಿದ್ದೀಯ?" ಎಂದು ಫೋನ್ ಬಂದರೆ ನಿಮ್ಮ ಬ್ಯಾಟರಿಯೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ, ಮೂರನೇ ಫೋನಿಗೆ ನೀವು ಉತ್ತರಿಸುವುದೇ ಇಲ್ಲ. ನಿಜವಾಗಿ ತೊಂದರೆಯಾದ ದಿನ ನೀವು ಫೋನ್ ಎತ್ತದಿದ್ದರೂ ಮನೆಯವರಿಗೆ ಅದು ಹಾಗೆಯೇ ಕಾಣುತ್ತದೆ.

ವಾಟ್ಸಾಪ್‌ನ ಲೈವ್ ಲೊಕೇಶನ್ ಒಳ್ಳೆಯದೇ. ಆದರೆ ಒಂದು ಸಲ ಹಾಕಿದರೆ ಗರಿಷ್ಠ 8 ಗಂಟೆ ಮಾತ್ರ ನಡೆಯುತ್ತದೆ; ರಾತ್ರಿ 11ಕ್ಕೆ ಹಾಕಿದ್ದು ಬೆಳಗ್ಗೆ 7ಕ್ಕೆ, ನಿಮಗೆ ಅದು ಹೆಚ್ಚು ಬೇಕಾದ ಹೊತ್ತಿಗೇ ನಿಂತುಹೋಗುತ್ತದೆ. ಇಳಿಯುವಾಗ ಇನ್ನೊಮ್ಮೆ ಹಾಕಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಸಿಗ್ನಲ್ ಹೋಗುತ್ತದೆ, ಚುಕ್ಕಿ ಒಂದೇ ಕಡೆ ನಿಂತುಬಿಡುತ್ತದೆ. ಅದು ನಿಂತಿತೆಂದು ಹೆದರಬೇಕಾಗಿಲ್ಲ ಎಂದು ಅಕ್ಕನಿಗೆ ಮೊದಲೇ ಹೇಳಿರಿ.

ಒಂದು ಗುಟ್ಟಿನ ಮಾತೂ ಇಬ್ಬರ ನಡುವೆ ಇರಲಿ. ಪಕ್ಕದಲ್ಲಿ ಯಾರೋ ಇದ್ದಾರೆ, ಬಿಡಿಸಿ ಹೇಳುವಂತಿಲ್ಲ ಎಂಬ ಹೊತ್ತಿಗೆ "ಬೆಕ್ಕಿಗೆ ಹಾಲು ಹಾಕಿದ್ರಾ?" ಎಂದು ಕೇಳಿದರೆ ಅತ್ತಲಿನವರಿಗೆ ಅರ್ಥವಾಗಬೇಕು. ಮನೆಯಲ್ಲಿ ಬೆಕ್ಕಿಲ್ಲದಿದ್ದರೆ ಇನ್ನೂ ವಾಸಿ.

ಸೀಟು ಆರಿಸುವಾಗ

ಖಾಸಗಿ ಬಸ್ಸಿನವರನ್ನು ಟಿಕೆಟ್ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: "ಊರೊಳಗೆ ಹೋಗುತ್ತಾ, ಬೈಪಾಸ್‌ನಲ್ಲೇ ಇಳಿಸ್ತೀರಾ?" ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಗೆ ಹೋಗುವ ಎಷ್ಟೋ ಬಸ್ಸುಗಳು ಚಿತ್ರದುರ್ಗ, ದಾವಣಗೆರೆ, ಹಾವೇರಿಯವರನ್ನು ಹೆದ್ದಾರಿಯ ಪಕ್ಕದಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಟಿಕೆಟ್‌ನಲ್ಲಿ ಊರಿನ ಹೆಸರಿರುತ್ತದೆ, ಇಳಿಯುವುದು ಫ್ಲೈಓವರ್ ಕೆಳಗೆ. ಸರ್ಕಾರಿ ಬಸ್ಸು ಸಾಮಾನ್ಯವಾಗಿ ನಿಲ್ದಾಣದ ಒಳಗೇ ಬರುತ್ತದೆ. ಅಲ್ಲಿ ದೀಪ ಇರುತ್ತದೆ, ಬಸ್ಸುಗಳ ಓಡಾಟ ನೋಡಿಕೊಳ್ಳುವ ಟಿಸಿ ಕೂತಿರುತ್ತಾರೆ, ಕಾಫಿ ಮಾರುವವನಿರುತ್ತಾನೆ. ಒಬ್ಬರೇ ಹೋಗುವಾಗ ನೂರು ಇನ್ನೂರು ರೂಪಾಯಿ ವ್ಯತ್ಯಾಸವಾದರೂ ನಾನು ಹತ್ತುವುದು ಸರ್ಕಾರಿ ಬಸ್ಸನ್ನೇ.

ಮುಂದಿನ ಅರ್ಧದಲ್ಲಿ, ಕಂಡಕ್ಟರ್ ಕಣ್ಣಿಗೆ ಬೀಳುವ ಕಡೆ ಸೀಟು ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಪಕ್ಕದ ಸೀಟು ಮಹಿಳೆಯರದೇ ಎಂದು ತೋರಿಸುವ ಕಡೆ ಅದನ್ನೇ ಒತ್ತಿ. ಸ್ಲೀಪರ್ ಆದರೆ ಒಂಟಿ ಬರ್ತು ಸಿಗುವ ಸಾಲು. ಹತ್ತಿದ ಕೂಡಲೇ ಮಾಡುವ ಕೆಲಸ ಇನ್ನೊಂದಿದೆ, ಮಾಡುವವರು ಕಮ್ಮಿ: ತುರ್ತು ಬಾಗಿಲು ಎಲ್ಲಿ, ಗಾಜು ಒಡೆಯುವ ಸುತ್ತಿಗೆ ಎಲ್ಲಿ ಎಂದು ಕಣ್ಣಿನಲ್ಲಿ ನೋಡಿಕೊಳ್ಳುವುದು. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಹಾಗೆಯೇ ಉರಿಯಿತು. ಎರಡೂ ನಡೆದದ್ದು ಜನ ನಿದ್ದೆಯಲ್ಲಿದ್ದಾಗ. ಸುರಕ್ಷತೆ ಎಂದರೆ ಬರೀ ಕೆಟ್ಟ ಗಂಡಸರ ವಿಷಯ ಎಂದುಕೊಂಡವರಿಗೆ ಈ ಮಾತು ನೆನಪಿರಲಿ. ಚಪ್ಪಲಿ ಕಾಲಿಗೆ ಸಿಗುವಂತೆ ಇಟ್ಟುಕೊಂಡು ಮಲಗಿ, ಫೋನು ಮತ್ತು ದುಡ್ಡು ಮೈಮೇಲೇ ಇರಲಿ.

ಹಗಲು ಪ್ರಯಾಣ ಸಾಧ್ಯವಾದರೆ ಹೆಣ್ಣುಮಕ್ಕಳಿಗೆ ಈಗ ನಮ್ಮ ರಾಜ್ಯದಲ್ಲಿ ಕೆಂಪು ಬಸ್ಸಿನಷ್ಟು ನೆಮ್ಮದಿಯ ಗಾಡಿ ಬೇರೆ ಇಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸಾರಿಗೆಗಳಲ್ಲಿ ಹೆಂಗಸರೇ ತುಂಬಿರುತ್ತಾರೆ. ತವರಿಗೆ ಹೊರಟವರು, ದೇವಸ್ಥಾನಕ್ಕೆ ಹೊರಟ ಗುಂಪು, ಸಂತೆ ಮುಗಿಸಿದವರು. ನೂಕುನುಗ್ಗಲು ಇದೆ, ಸೀಟಿಗೆ ಜಗಳವೂ ಇದೆ. ಆದರೆ ಯಾರಾದರೂ ಕೈ ಎಳೆದಾಡಿದರೆ ಹತ್ತು ಹೆಂಗಸರು ಒಟ್ಟಿಗೆ ಬಾಯಿ ಮಾಡುವ ಜಾಗ ಅದು. ಗುರುತಿನ ಚೀಟಿ ಕೈಯಲ್ಲಿರಲಿ. ಎಸಿ ಬಸ್ಸು, ಸ್ಲೀಪರುಗಳಿಗೆ ಈ ಯೋಜನೆ ಇಲ್ಲ.

ರೈಲಿನಲ್ಲಿ ಒಬ್ಬರೇ ಹೋಗುವ ಮಹಿಳೆಯರಿಗೆ ದೂರದ ಎಕ್ಸ್‌ಪ್ರೆಸ್‌ಗಳ ಸ್ಲೀಪರ್ ದರ್ಜೆಯಲ್ಲಿ 6 ಬರ್ತುಗಳ ಲೇಡೀಸ್ ಕೋಟಾ ಇದೆ. ಬುಕ್ ಮಾಡುವಾಗ ಕೋಟಾ ಎಂಬಲ್ಲಿ ಅದನ್ನು ಆರಿಸಬೇಕು, ತಾನಾಗಿ ಬರುವುದಿಲ್ಲ. ಒಂಟಿ ಮಹಿಳೆಯರನ್ನು ಹೊರಡುವ ನಿಲ್ದಾಣದಲ್ಲೇ ಮಾತಾಡಿಸಿ ದಾರಿಯುದ್ದಕ್ಕೂ ಗಮನಿಸಲು ರೈಲ್ವೆ ರಕ್ಷಣಾ ಪಡೆ 2020ರಿಂದ 'ಮೇರಿ ಸಹೇಲಿ' ಎಂಬ ವ್ಯವಸ್ಥೆ ನಡೆಸುತ್ತಿದೆ. ಮಹಿಳಾ ಸಿಬ್ಬಂದಿ ಬಂದು ಸೀಟು ನಂಬರ್ ಕೇಳಿದರೆ ಗಾಬರಿಯಾಗಬೇಡಿ. ಮೇಲಿನ ಬರ್ತು ಸಿಕ್ಕರೆ ಒಳ್ಳೆಯದು. ಹತ್ತುವುದಕ್ಕೆ ಕಷ್ಟ, ಆದರೆ ಓಡಾಡುವವರ ಕೈಗೂ ಕಣ್ಣಿಗೂ ದೂರ. ಸುತ್ತಲಿನವರು ಸರಿ ಕಾಣದಿದ್ದರೆ ಟಿಟಿಇಗೆ ಹೇಳಿ ಬರ್ತು ಬದಲಾಯಿಸಿಕೊಳ್ಳಿ, ಅಥವಾ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ಮಹಿಳಾ ಬೋಗಿಯ ವಿಷಯದಲ್ಲಿ ಒಂದು ಎಚ್ಚರ. ಅದು ತುಂಬಿರುವಾಗ ಮಾತ್ರ ಸುರಕ್ಷಿತ. 2011ರ ಫೆಬ್ರುವರಿಯಲ್ಲಿ ಕೇರಳದ ಎರ್ನಾಕುಲಂ–ಶೋರನೂರು ಪ್ಯಾಸೆಂಜರಿನಲ್ಲಿ ಯುವತಿಯೊಬ್ಬಳ ಮೇಲೆ ದಾಳಿ ನಡೆದದ್ದು ಖಾಲಿ ಮಹಿಳಾ ಬೋಗಿಯಲ್ಲೇ. ರೈಲು ಊರು ದಾಟುತ್ತಾ ಬೋಗಿ ಖಾಲಿಯಾಗತೊಡಗಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಜನ ಇರುವ ಬೋಗಿಗೆ ಹೋಗಿ. ಹಗಲೇ ಆಗಲಿ, ರಾತ್ರಿಯೇ ಆಗಲಿ, ಖಾಲಿ ಜಾಗಕ್ಕಿಂತ ಗಲಾಟೆಯ ಜಾಗ ವಾಸಿ.

ಬ್ಯಾಗಿನಲ್ಲಿ

ಹೆಚ್ಚಿಗೆ ಹೇಳುವುದಿಲ್ಲ. ಒಂದೇ ಬ್ಯಾಗು, ನೀವೇ ಹೊತ್ತು ಓಡುವಷ್ಟು ಭಾರ. ಪವರ್ ಬ್ಯಾಂಕ್. ದುಡ್ಡು ಎರಡು ಕಡೆ. ಸೀಟಿ. ಬಾಗಿಲ ಕೆಳಗೆ ಸಿಕ್ಕಿಸುವ ರಬ್ಬರಿನ ಬೆಣೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಮನೆಯವರ ಎರಡು ಫೋನ್ ನಂಬರ್ ಬರೆದ ಚೀಟಿ. ಫೋನು ಕಳೆದುಹೋದ ದಿನ ಯಾರ ನಂಬರೂ ನಮಗೆ ಬಾಯಿಗೆ ಬರುವುದಿಲ್ಲ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಆದರೆ ಬ್ಯಾಗಿನ ತಳದಲ್ಲಿದ್ದರೆ ಅದರಿಂದ ಏನೂ ಆಗದು. ನನಗೆ ಸೀಟಿಯ ಮೇಲೇ ಹೆಚ್ಚು ನಂಬಿಕೆ.

ದಾರಿಯಲ್ಲಿ ಮಾತು

ನಮ್ಮ ಕಡೆ ಒಬ್ಬರೇ ಕೂತವರನ್ನು ಮಾತಾಡಿಸದೆ ಬಿಡುವುದಿಲ್ಲ. "ಎಲ್ಲಿಗಮ್ಮಾ? ಒಬ್ಳೇನಾ? ಮನೇಲಿ ಯಾರೂ ಬರ್ಲಿಲ್ವಾ?" ಎಂದು ಅಜ್ಜಿಯೊಬ್ಬರು ಕೇಳಿದರೆ ಮುಖ ಗಂಟುಹಾಕಬೇಡಿ. ಆ ಬಸ್ಸಿನಲ್ಲಿ ನಿಮ್ಮ ಪರವಾಗಿ ಮೊದಲು ಬಾಯಿ ತೆರೆಯುವವರು ಅವರೇ. ಬಸ್ಸಿನ ನಡುದಾರಿಯ ಆಚೆ ಕೂತವನು ಇದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ ಉತ್ತರ ಬೇರೆ ಇರಲಿ: "ಚಿಕ್ಕಪ್ಪ ಇಲ್ಲೇ ಇದ್ದಾರೆ, ಬಸ್ ಸ್ಟ್ಯಾಂಡಿಗೆ ಬರ್ತಾರೆ." ಇಲ್ಲದ ಚಿಕ್ಕಪ್ಪನನ್ನು ಹುಟ್ಟಿಸುವುದಕ್ಕೆ ಸಂಕೋಚ ಬೇಡ. ರೂಮು ಎಲ್ಲಿ, ಎಷ್ಟು ದಿನ, ಯಾವಾಗ ವಾಪಸು, ಇವು ಮೂರನ್ನು ಮಾತ್ರ ಯಾರಿಗೂ ನಿಜ ಹೇಳಬೇಡಿ.

ತಿನ್ನಲು ಕೊಟ್ಟರೆ? ಬಿಸ್ಕತ್ತಿನಲ್ಲಿ ಮತ್ತು ಬರಿಸುವ ಔಷಧಿ ಬೆರೆಸಿ ದೋಚುವುದು ರೈಲಿನಷ್ಟೇ ಹಳೆಯ ಕಸುಬು. ಬೇಡ ಎಂದರೆ ಒತ್ತಾಯ ಮಾಡುತ್ತಾರೆ, "ನಮ್ಮನ್ನ ನಂಬಲ್ವಾ" ಎನ್ನುತ್ತಾರೆ. "ಇವತ್ತು ಶನಿವಾರ, ಒಪ್ಪತ್ತು" ಎಂದುಬಿಡಿ. ಉಪವಾಸ ಇರುವವರನ್ನು ಈ ನಾಡಿನಲ್ಲಿ ಯಾರೂ ಬಲವಂತ ಮಾಡುವುದಿಲ್ಲ. ಶನಿವಾರ ಅಲ್ಲದಿದ್ದರೆ ಸೋಮವಾರ, ಗುರುವಾರ, ಸಂಕಷ್ಟಿ, ಏಕಾದಶಿ. ನಮ್ಮ ಪಂಚಾಂಗದಲ್ಲಿ ಕಾರಣಗಳಿಗೆ ಬರವಿಲ್ಲ.

ರಾತ್ರಿ ಊಟಕ್ಕೆ ಬಸ್ಸು ನಿಲ್ಲಿಸಿದಾಗ ಇಳಿಯುವ ಮುನ್ನ ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ. ಆ ಹೋಟೆಲ್‌ಗಳ ಮುಂದೆ ಒಂದೇ ಬಣ್ಣದ ಐದಾರು ಬಸ್ಸು ನಿಂತಿರುತ್ತವೆ. "ಸರ್, ಬಾತ್‌ರೂಮಿಗೆ ಹೋಗಿ ಬರ್ತೀನಿ, ಬಿಟ್ಟು ಹೋಗ್ಬೇಡಿ" ಎಂದು ಕಂಡಕ್ಟರಿಗೆ ಹೇಳಿಯೇ ಹೋಗಿ. ಬೇರೆ ಹೆಂಗಸರು ಹೋಗುವಾಗಲೇ ಅವರ ಜೊತೆ ಎದ್ದರೆ ಇನ್ನೂ ಒಳ್ಳೆಯದು.

ಕೈ ತಾಗಿಸುವವರ ವಿಷಯ. ಮೊದಲ ಸಲ ಅನುಮಾನವಾಗುತ್ತದೆ, ಬೇಕೆಂದೇ ತಾಗಿತೋ ಬಸ್ಸು ಅಲುಗಿತೋ ಎಂದು. ಎರಡನೇ ಸಲ ಅನುಮಾನ ಬೇಡ. ಅವನಿಗೆ ಮಾತ್ರ ಕೇಳಿಸುವಂತೆ ಗೊಣಗಬೇಡಿ, ಇಡೀ ಬಸ್ಸಿಗೆ ಕೇಳಿಸುವಂತೆ, ಅವನ ಗುರುತು ಹೇಳಿ ಕೂಗಿ: "ನೀಲಿ ಶರ್ಟು, ಕೈ ತೆಗೀರಿ! ಕಂಡಕ್ಟರ್, ಇಲ್ಲಿ ಬನ್ನಿ!" ಬರೀ "ಏಯ್" ಎಂದರೆ ಜನ ಸೀಟಿನ ಜಗಳ ಎಂದುಕೊಂಡು ಮತ್ತೆ ಕಣ್ಣು ಮುಚ್ಚುತ್ತಾರೆ. ಶರ್ಟಿನ ಬಣ್ಣ ಹೇಳಿದರೆ ಎಲ್ಲರ ಕಣ್ಣೂ ಅವನ ಮೇಲೆ. ಬಸ್ಸನ್ನು ದಾರಿಯ ಪೊಲೀಸ್ ಠಾಣೆ ಮುಂದೆ ನಿಲ್ಲಿಸಿ ಎಂದು ಕೇಳಲು ಹಿಂಜರಿಯಬೇಡಿ.

ಇಳಿದ ಮೇಲೆ, ರೂಮಿನವರೆಗೆ

ಇಳಿದ ತಕ್ಷಣ ನಿಲ್ಲಬೇಡಿ. ಎಲ್ಲಿಗೆ ಹೋಗಬೇಕೆಂದು ಗೊತ್ತಿರುವವರ ಹಾಗೆ ಟೀ ಅಂಗಡಿಯವರೆಗೆ ನಡೆದು, ಅಲ್ಲಿ ನಿಂತು ಮ್ಯಾಪ್ ನೋಡಿ. ಆಟೊ ದರ ಎಷ್ಟಾಗುತ್ತದೆ ಎಂದು ಆಟೊದವನನ್ನು ಕೇಳುವ ಮೊದಲು ಟೀ ಅಂಗಡಿಯವರನ್ನು ಕೇಳಿ. ರೂಮು ಕಾಯ್ದಿರಿಸಿದ್ದರೆ ಅವರನ್ನೇ ಫೋನಿನಲ್ಲಿ ಕೇಳಿ. ಹೊಸಪೇಟೆಯಿಂದ ಹಂಪಿಗೆ ಬಸ್ ಸ್ಟ್ಯಾಂಡಿನಿಂದಲೇ ಬಸ್ಸುಗಳಿವೆ, ಬೆಳಗಾದ ಮೇಲೆ ಅದೇ ಸಾಕು.

ಆಟೊ ಹತ್ತುವುದಾದರೆ ನಂಬರಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿ, ಆಮೇಲೆ ಚಾಲಕನಿಗೆ ಕೇಳಿಸುವಂತೆ ಫೋನಿನಲ್ಲಿ ಮಾತಾಡಿ: "ಹಾಂ, ಆಟೊ ಹತ್ತಿದೆ, ಕೆಎ 35 ನಂಬರ್ ಕಳ್ಸಿದೀನಿ, ಇಪ್ಪತ್ತೈದು ನಿಮಿಷ ಆಗುತ್ತಂತೆ." ಅತ್ತ ಯಾರೂ ಫೋನ್ ಎತ್ತದಿದ್ದರೂ ಮಾತಾಡಿ. ಚಾಲಕ ದಾರಿಯಲ್ಲಿ ಸ್ನೇಹಿತನನ್ನು ಹತ್ತಿಸಿಕೊಳ್ಳುತ್ತೇನೆ ಎಂದರೆ ಅಲ್ಲೇ ಇಳಿದುಬಿಡಿ. ದುಡ್ಡು ಕೊಟ್ಟೇ ಇಳಿಯಿರಿ, ಜಗಳ ಬೇಡ. ಚಾಲಕರಲ್ಲಿ ಬಹುಪಾಲು ಜನ ಸಂಸಾರಸ್ಥರು, ಒಬ್ಬ ಒಳ್ಳೆಯವರು ಸಿಕ್ಕರೆ ನಂಬರ್ ತೆಗೆದುಕೊಂಡು ಎರಡು ದಿನವೂ ಅವರನ್ನೇ ಕರೆಯಿರಿ. ಎಲ್ಲಿಗೆ ಹೋಗಬೇಕು, ಎಲ್ಲಿ ಬೇಡ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಆ್ಯಪೂ ಹೇಳುವುದಿಲ್ಲ.

ರೂಮಿನ ವಿಷಯದಲ್ಲಿ ಮೊದಲೇ ತಿಳಿದಿರಬೇಕಾದ ಒಂದು ಕಿರಿಕಿರಿ ಇದೆ. ಯಾತ್ರಾಸ್ಥಳಗಳ ಎಷ್ಟೋ ಲಾಡ್ಜುಗಳಲ್ಲಿ "ಸಿಂಗಲ್‌ಗೆ ಕೊಡಲ್ಲ" ಎಂದುಬಿಡುತ್ತಾರೆ. ಗಂಡಸರಿಗೂ ಇದೇ ಉತ್ತರ. ಒಬ್ಬರೇ ಬಂದವರು ರೂಮಿನಲ್ಲಿ ಜೀವಕ್ಕೆ ಏನಾದರೂ ಮಾಡಿಕೊಂಡರೆ ಎಂಬ ಭಯ ಅವರದು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ್ದರೂ ಬಾಗಿಲಿನಲ್ಲಿ ತಕರಾರು ತೆಗೆಯುವವರಿದ್ದಾರೆ. ಹಾಗಾಗಿ ಬುಕ್ ಮಾಡಿದ ಮೇಲೆ ನೇರವಾಗಿ ಫೋನ್ ಮಾಡಿ: "ಒಬ್ಬಳೇ ಬರ್ತಿದ್ದೀನಿ, ಬೆಳಿಗ್ಗೆ 7ಕ್ಕೆ ಬರ್ತೀನಿ, ರೂಮ್ ಕೊಡ್ತೀರಾ?" ಫೋನ್ ಎತ್ತಿದವರ ದನಿಯಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಮೊದಲ ರಾತ್ರಿಗೆ ಮಾತ್ರ ಬುಕ್ ಮಾಡಿ, ಜಾಗ ಹಿಡಿಸಿದರೆ ಮುಂದುವರಿಸಿ.

ಗುರುತಿನ ಚೀಟಿ ಕೇಳುತ್ತಾರೆ, ಕೊಡಬೇಕು. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಯಾಗಿರುವ ಮಾಸ್ಕ್ಡ್ ಪ್ರತಿಯನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಜೆರಾಕ್ಸ್ ಮೇಲೆ ಲಾಡ್ಜಿನ ಹೆಸರು, ತಾರೀಖು ಬರೆದು ಅಡ್ಡಗೆರೆ ಎಳೆದು ಕೊಡಿ. ಕೌಂಟರಿನಲ್ಲಿ ನಾಲ್ಕು ಜನರ ಮುಂದೆ ರೂಮ್ ನಂಬರ್ ಕೂಗಿ ಹೇಳಿದರೆ ಬೇರೆ ರೂಮು ಕೇಳುವುದರಲ್ಲಿ ತಪ್ಪಿಲ್ಲ.

ಒಳಗೆ ಹೋದ ಮೇಲೆ ಬ್ಯಾಗು ಇಡುವ ಮುಂಚೆ ನೋಡಬೇಕಾದ್ದು ಚಿಲಕ. ಒಳಗಿನಿಂದ ಗಟ್ಟಿಯಾಗಿ ಬೀಳುತ್ತದೆಯೇ, ತಿರುಪು ಸಡಿಲವಾಗಿದೆಯೇ, ಬಾಗಿಲು ತಳ್ಳಿದರೆ ಅಲುಗುತ್ತದೆಯೇ? ಚಿಲಕ ಸರಿ ಇಲ್ಲದ ರೂಮು ಎಷ್ಟು ಚಂದವಿದ್ದರೂ ಬೇಡ. ಆಮೇಲೆ ಬಚ್ಚಲುಮನೆಯ ಗವಾಕ್ಷಿ, ಕಿಟಕಿಯ ಕೊಂಡಿ, ಪಕ್ಕದ ರೂಮಿಗೆ ತೆರೆಯುವ ಒಳಬಾಗಿಲು. ಗುಪ್ತ ಕ್ಯಾಮೆರಾದ ಭಯವಿದ್ದರೆ ದೀಪ ಆರಿಸಿ ಫೋನಿನ ಟಾರ್ಚನ್ನು ಹೊಗೆ ಪತ್ತೆಯ ಡಬ್ಬಿ, ಗಡಿಯಾರ, ಬೇಡದ ಕಡೆ ಇರುವ ಪ್ಲಗ್ಗು, ಗೀಸರಿನ ಸುತ್ತಮುತ್ತ ನಿಧಾನಕ್ಕೆ ಆಡಿಸಿ. ಲೆನ್ಸ್ ಇದ್ದರೆ ಚುಕ್ಕಿಯಂತೆ ಹೊಳೆಯುತ್ತದೆ. ಅನುಮಾನ ಬಂದರೆ ಬಟ್ಟೆ ಮುಚ್ಚಿ, ಫೋಟೊ ತೆಗೆದು, ಮ್ಯಾನೇಜರ್ ಹತ್ತಿರ ವಾದ ಮಾಡುತ್ತಾ ಕೂರದೆ ಪೊಲೀಸರಿಗೇ ಹೇಳಿ. ಹೆಂಗಸರನ್ನು ಹೀಗೆ ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ರಾತ್ರಿ ಬಾಗಿಲು ತಟ್ಟಿ "ರೂಮ್ ಸರ್ವಿಸ್" ಎಂದರೆ ತೆರೆಯುವ ಮೊದಲು ಕೌಂಟರಿಗೆ ಫೋನ್ ಮಾಡಿ ಕೇಳಿ.

ಊರು ಸುತ್ತುವಾಗ

2025ರ ಮಾರ್ಚ್‌ನಲ್ಲಿ ಹಂಪಿಗೆ ಹತ್ತಿರದ ಸಾಣಾಪುರದಲ್ಲಿ, ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ಅತ್ಯಾಚಾರ, ಹಲ್ಲೆ ನಡೆದು, ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಪ್ರಾಣ ಕಳೆದುಕೊಂಡ. ಅವರು ಒಂಟಿಯಾಗಿರಲಿಲ್ಲ, ಐದು ಜನರಿದ್ದರು, ಗಂಡಸರೂ ಇದ್ದರು. ತಪ್ಪು ಮಾಡಿದವರದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಲೆಕ್ಕಕ್ಕೆ ಬರುವುದು ಇಷ್ಟು: ಜೊತೆಗೆ ಎಷ್ಟು ಜನರಿದ್ದಾರೆ ಎನ್ನುವುದಕ್ಕಿಂತ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮನೆಯೋ ಅಂಗಡಿಯೋ ಇದೆಯೇ ಎನ್ನುವುದು ಮುಖ್ಯ.

ಹಂಪಿಯಲ್ಲಿ ಇದಕ್ಕೆ ತಕ್ಕಂತೆ ದಿನವನ್ನು ಜೋಡಿಸಿಕೊಳ್ಳಬಹುದು. ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ಕತ್ತಲಲ್ಲಿ ಒಬ್ಬರೇ ಹತ್ತಬೇಡಿ. ರೂಮಿನವರನ್ನು ಕೇಳಿದರೆ ಅದೇ ದಿನ ಹೊರಡುವ ಬೇರೆಯವರು ಸಿಗುತ್ತಾರೆ. ವಿಜಯ ವಿಠ್ಠಲ ದೇವಸ್ಥಾನದ ಕಡೆಯ ನದಿ ದಾರಿಯನ್ನು ಬೆಳಗಿನ ಹೊತ್ತು ಮುಗಿಸಿ. ತುಂಗಭದ್ರೆ ದಾಟುವ ದೋಣಿ ಸಂಜೆಗೆ ನಿಲ್ಲುತ್ತದೆ, ತಪ್ಪಿದರೆ ಬಳಸು ದಾರಿ ಬಹಳ ಉದ್ದ. ದಡದಲ್ಲಿ ಇಳಿಯುವಾಗಲೇ "ಕೊನೇ ದೋಣಿ ಎಷ್ಟು ಗಂಟೆಗಣ್ಣಾ?" ಎಂದು ಕೇಳಿಟ್ಟುಕೊಳ್ಳಿ.

ಗೋಕರ್ಣದಲ್ಲಾದರೆ ಕುಡ್ಲೆ, ಓಂ ಬೀಚುಗಳಲ್ಲಿ ಜನ ಇರುತ್ತಾರೆ. ಹಾಫ್‌ಮೂನ್, ಪ್ಯಾರಡೈಸ್ ಕಡೆಯ ಕಾಲುದಾರಿ ಬಂಡೆಗಳ ಮೇಲೆ ಸಾಗುತ್ತದೆ, ಒಬ್ಬರೇ ಹೋದರೆ ಮಧ್ಯಾಹ್ನದೊಳಗೆ ವಾಪಸು ಬಂದಿರಬೇಕು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಲೇಬಾರದು. ಕುಮಾರ ಪರ್ವತ, ಕುದುರೆಮುಖದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಅನುಮತಿ ಬೇಕು. ಅದರಿಂದ ಹಣ ಖರ್ಚಾದರೂ ನೀವು ಒಳಗೆ ಹೋದದ್ದು ದಾಖಲಾಗುತ್ತದೆ. ಕಾಡಿನ ಚಾರಣಕ್ಕೆ ಮಾತ್ರ ಒಬ್ಬರೇ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಾಲು ಉಳುಕಿದರೆ ಸಾಕು, ಅಲ್ಲಿ ಯಾವ ನಂಬರೂ ಕೆಲಸಕ್ಕೆ ಬರುವುದಿಲ್ಲ.

ತೊಂದರೆ ಆಯಿತು ಎಂದರೆ

112. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಇದೊಂದೇ ಸಾಕು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಆ ಜಾಗದಲ್ಲಿದ್ದರೆ ಕರೆ ಹೋಗುತ್ತದೆ, ಪ್ರಯತ್ನಿಸಿ. ಮೊದಲ ವಾಕ್ಯದಲ್ಲೇ ಜಾಗ ಹೇಳಿ, ಏನಾಯಿತು ಎಂಬುದು ಎರಡನೆಯದು. ಕರೆ ಕಡಿದುಹೋದರೂ ಎಲ್ಲಿಗೆ ಬರಬೇಕೆಂದು ಅವರಿಗೆ ಗೊತ್ತಿರುತ್ತದೆ. ಜಾಗದ ಹೆಸರು ಗೊತ್ತಿಲ್ಲದಿದ್ದರೆ ಅಂಗಡಿ ಬೋರ್ಡು, ಹೆದ್ದಾರಿಯ ಕಿಲೋಮೀಟರ್ ಕಲ್ಲು, ವಿದ್ಯುತ್ ಕಂಬದ ಮೇಲಿನ ನಂಬರು, ಕಣ್ಣಿಗೆ ಕಂಡದ್ದನ್ನು ಓದಿ ಹೇಳಿ. ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ, ಕೆಲವದರಲ್ಲಿ ಐದು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ನಿಮ್ಮದರಲ್ಲಿ ಹೇಗೆ ಎಂದು ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿ.

ಯಾರೋ ಹಿಂದೆ ಬರುತ್ತಿದ್ದಾರೆ ಅನಿಸಿದರೆ ರೂಮಿನ ಕಡೆ ಹೋಗಬೇಡಿ. ಮೆಡಿಕಲ್ ಶಾಪ್, ಪೆಟ್ರೋಲ್ ಬಂಕ್, ಹೂವಿನಂಗಡಿ, ದೇವಸ್ಥಾನ, ಹೆಂಗಸರು ಕೂತಿರುವ ಯಾವುದಾದರೂ ಜಗುಲಿ, ಅಲ್ಲಿಗೆ ಹೋಗಿ ನೇರವಾಗಿ ಹೇಳಿ: "ಅಮ್ಮಾ, ಆ ಮನುಷ್ಯ ಹಿಂದೇನೇ ಬರ್ತಿದ್ದಾನೆ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೋತೀನಿ." ಕೂರಬೇಡ ಎಂದವರನ್ನು ನಾನಂತೂ ಕಂಡಿಲ್ಲ.

ದೂರು ಕೊಡಲು ಹೋದಾಗ "ಇದು ನಮ್ಮ ಠಾಣೆಗೆ ಬರಲ್ಲ" ಎನ್ನಬಹುದು. ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಂಡು ಸಂಬಂಧಪಟ್ಟಲ್ಲಿಗೆ ಕಳಿಸಬೇಕು. ಜೀರೊ ಎಫ್‌ಐಆರ್ ಎಂದು ಕೇಳಿ, ಪ್ರತಿ ಉಚಿತವಾಗಿ ಕೊಡಬೇಕು. ಚಲಿಸುವ ರೈಲಿನಲ್ಲಿ, ಬಸ್ಸಿನಲ್ಲಿ ನಡೆದದ್ದು ಯಾವ ಊರಿನ ವ್ಯಾಪ್ತಿಗೆ ಎಂದು ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇನ್ನು ಯುಪಿಐನಲ್ಲಿ ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಫೋನೇ ಕಳುವಾದರೆ ಸಿಮ್ ನಿಲ್ಲಿಸಿ, ಠಾಣೆಯಲ್ಲಿ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನು ಬ್ಲಾಕ್ ಮಾಡಿಸಿ. ಅದಕ್ಕೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಅಂದರೆ ಐಎಂಇಐ ನಂಬರ್ ಬೇಕು. *#06# ಒತ್ತಿದರೆ ಕಾಣುತ್ತದೆ, ಬ್ಯಾಗಿನ ಆ ಚೀಟಿಯಲ್ಲೇ ಬರೆದಿಡಿ.

ಮೊದಲ ಸಲ ಹೊರಡುವವರಿಗೆ

ಹಂಪಿಯಿಂದ ಶುರು ಮಾಡಬೇಕೆಂದೇನಿಲ್ಲ. ಬೆಂಗಳೂರಿನವರಾದರೆ ಮೈಸೂರಿಗೆ ಬೆಳಗಿನ ರೈಲು ಹತ್ತಿ, ದೇವರಾಜ ಮಾರುಕಟ್ಟೆ ಸುತ್ತಿ, ಊಟ ಮಾಡಿ, ಸಂಜೆ ಕತ್ತಲಾಗುವ ಮೊದಲು ವಾಪಸು ಬನ್ನಿ. ಹುಬ್ಬಳ್ಳಿಯವರಿಗೆ ಬಾದಾಮಿ ಇದೆ, ಮಂಗಳೂರಿನವರಿಗೆ ಉಡುಪಿ. ಅದೇ ದಿನ ಅಕ್ಕನಿಗೆ ಮೆಸೇಜ್ ಕಳಿಸುವುದು, ಆಟೊ ನಂಬರಿನ ಫೋಟೊ ತೆಗೆಯುವುದು, ಅಪರಿಚಿತರಿಗೆ ಚಿಕ್ಕಪ್ಪನ ಕಥೆ ಹೇಳುವುದು ಎಲ್ಲವನ್ನೂ ಮಾಡಿನೋಡಿ. ರಾತ್ರಿ ಬಸ್ಸಿನ ಟಿಕೆಟ್ಟನ್ನು ಆಮೇಲೆ ತೆಗೆದರಾಯ್ತು.